ಯಂತ್ರದ ಮಾತಿಗೆ ಅಂಕ ಕೊಡುವ ಕಿವಿ



ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರಗಳು ಈಗ ಯಾರಿಗೂ ಹೊಸತಲ್ಲ. ರೈಲು ನಿಲ್ದಾಣದಲ್ಲಿ, ಬ್ಯಾಂಕಿನ ಫೋನಿನಲ್ಲಿ, ದಾರಿ ತೋರಿಸುವ ಮೊಬೈಲಿನಲ್ಲಿ ದಿನವೂ ಅವುಗಳ ದನಿ ಕೇಳುತ್ತೇವೆ. ಆ ಯಂತ್ರಗಳನ್ನು ಕಟ್ಟುವುದು ಹೇಗೆ ಎಂದು ಹೇಳಲು ಎಂಜಿನಿಯರುಗಳಿದ್ದಾರೆ. ನಾನು ಇವತ್ತು ಹೇಳಹೊರಟದ್ದು ಅದಕ್ಕಿಂತ ಕಡಿಮೆ ಚರ್ಚೆಯಾಗಿರುವ ಒಂದು ಸಂಗತಿಯನ್ನು. ಯಂತ್ರ ಚೆನ್ನಾಗಿ ಮಾತಾಡಿತು ಎಂದು ತೀರ್ಮಾನಿಸುವವರು ಯಾರು, ಯಾವ ಆಧಾರದ ಮೇಲೆ? ಈ ಪ್ರಶ್ನೆಯನ್ನೇ ಕೇಳುತ್ತ ಬಂದ ಒಂದು ವಿದ್ವತ್ ಕಾರ್ಯಾಗಾರವಿದೆ. ಅದರ ಹೆಸರು ಬ್ಲಿಜರ್ಡ್ ಚಾಲೆಂಜ್. 2013ರಲ್ಲಿ ಕನ್ನಡವೂ ಅದರ ಅಂಗಳಕ್ಕೆ ಹೋಗಿತ್ತು ಎಂಬುದು ನಮ್ಮ ಕನ್ನಡ ವಿಭಾಗಗಳಲ್ಲಿ ಹೆಚ್ಚು ಜನಕ್ಕೆ ತಿಳಿದಂತಿಲ್ಲ.

ಸ್ವಲ್ಪ ಹಿಂದಿನಿಂದ ಬರೋಣ. 1990ರ ದಶಕದವರೆಗೆ ಒಂದೊಂದು ಪ್ರಯೋಗಾಲಯವೂ ತನ್ನ ಯಂತ್ರದ ದನಿಯನ್ನು ತಾನೇ ಕೇಳಿ, ತಾನೇ ಮೆಚ್ಚಿಕೊಂಡು, ಪ್ರಬಂಧ ಬರೆಯುತ್ತಿತ್ತು. 1998ರಲ್ಲಿ ಆಸ್ಟ್ರೇಲಿಯಾದ ಜೆನೋಲನ್ ಗುಹೆಗಳ ಬಳಿ ಸೇರಿದ ವಾಕ್ ಸಂಶ್ಲೇಷಣೆಯ ಮೂರನೆಯ ಅಂತರರಾಷ್ಟ್ರೀಯ ಕಾರ್ಯಾಗಾರದಲ್ಲಿ ನೆರೆದ ವಿದ್ವಾಂಸರು ಹಲವು ಭಾಷೆಗಳ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ಕೇಳಿದರು. ಒಳ್ಳೆಯ ಆರಂಭವೇ. ಆದರೆ ಅಲ್ಲೊಂದು ತೊಡಕು ಉಳಿದೇ ಇತ್ತು. ಒಬ್ಬರ ಯಂತ್ರ ಕಿವಿಗೆ ಇಂಪಾಗಿದೆ ಎಂದರೆ ಅವರ ವಿಧಾನ ಒಳ್ಳೆಯದೋ, ಅಥವಾ ಧ್ವನಿಮುದ್ರಣಕ್ಕೆ ಅವರಿಗೆ ಸಿಕ್ಕ ಕಂಠ ಒಳ್ಳೆಯದೋ? ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ.

ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲನ್ ಬ್ಲ್ಯಾಕ್ ಮತ್ತು ಜಪಾನಿನ ನಗೋಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಕೆಯಿಚಿ ತೊಕುದಾ ಇದಕ್ಕೆ ಕಂಡುಕೊಂಡ ದಾರಿ ಸರಳವಾದದ್ದು. ಎಲ್ಲರಿಗೂ ಒಂದೇ ಕಂಠವನ್ನು ಕೊಟ್ಟುಬಿಡುವುದು. ಕಾರ್ನೆಗಿ ಮೆಲನ್‌ನಲ್ಲಿ ಸಿದ್ಧವಾಗಿದ್ದ ‘ಆರ್ಕ್ಟಿಕ್’ ಎಂಬ ಧ್ವನಿಸಂಗ್ರಹದಲ್ಲಿ ಒಬ್ಬೊಬ್ಬ ಓದುಗರೂ ಓದಿದ ಸುಮಾರು 1,150 ವಾಕ್ಯಗಳಿದ್ದವು, ಎಲ್ಲವೂ ಹಕ್ಕುಸ್ವಾಮ್ಯ ಮುಗಿದ ಇಂಗ್ಲಿಷ್ ಪುಸ್ತಕಗಳಿಂದ ಆಯ್ದವು. 2005ರ ಮೊದಲ ಸುತ್ತಿನಲ್ಲಿ ಆರು ತಂಡಗಳು ಈ ಸಂಗ್ರಹದಿಂದ ತಮ್ಮ ತಮ್ಮ ಯಂತ್ರ ಕಟ್ಟಿದವು. ಆಮೇಲೆ ಯಾರೂ ಮೊದಲು ನೋಡದ ಪರೀಕ್ಷಾ ವಾಕ್ಯಗಳನ್ನು ಕೊಟ್ಟು, ಗೊತ್ತುಪಡಿಸಿದ ಗಡುವಿನೊಳಗೆ ಯಂತ್ರದಿಂದ ಓದಿಸಿ ಕಳಿಸಿ ಎಂದರು. ಕೈಯಿಂದ ತಿದ್ದುವಂತಿಲ್ಲ. ಅದೇ ವರ್ಷ ಲಿಸ್ಬನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಫಲಿತಾಂಶ ಚರ್ಚೆಗೆ ಬಂತು. ಮುಂದೆ ಬಹುತೇಕ ಪ್ರತಿವರ್ಷ ನಡೆದ ಈ ಕಾರ್ಯಾಗಾರದಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಸೈಮನ್ ಕಿಂಗ್ ಅವರದು ದೊಡ್ಡ ಪಾಲು.

ಈ ಪರೀಕ್ಷೆಯ ಕಟ್ಟುಪಾಡುಗಳು ನನಗೆ ಯಂತ್ರಗಳಿಗಿಂತ ಹೆಚ್ಚು ಇಷ್ಟ. ತಂಡಗಳ ಹೆಸರು ಫಲಿತಾಂಶದಲ್ಲಿ ಬರುವುದಿಲ್ಲ, ಒಂದೊಂದಕ್ಕೆ ಒಂದೊಂದು ಅಕ್ಷರ ಮಾತ್ರ. ತನ್ನ ಅಕ್ಷರ ಯಾವುದು ಎಂದು ಹೇಳಿಕೊಳ್ಳುವುದೂ ಬಿಡುವುದೂ ಆಯಾ ತಂಡದ ಇಷ್ಟ. ಯಂತ್ರಗಳ ನಡುವೆ ನಿಜವಾದ ಮನುಷ್ಯನ ಧ್ವನಿಮುದ್ರಣವನ್ನೂ ಸೇರಿಸಿರುತ್ತಾರೆ, ಕೇಳುವವರಿಗೆ ತಿಳಿಸದೆ. ಕೇಳುಗರಲ್ಲಿ ಮೂರು ಗುಂಪು: ಈ ವಿಷಯದ ತಜ್ಞರು, ಹಣ ಪಡೆದು ಪರೀಕ್ಷಾ ಕೋಣೆಯಲ್ಲಿ ಕೂತು ಕೇಳುವ ಆ ಭಾಷೆಯ ಜನ, ಮತ್ತು ತಾವಾಗಿಯೇ ಬಂದ ಸ್ವಯಂಸೇವಕರು. ಯಾರು ಯಾವ ವಾಕ್ಯವನ್ನು ಯಾವ ಯಂತ್ರದಿಂದ ಕೇಳಬೇಕು ಎಂಬುದನ್ನು ಗಣಿತದ ಲ್ಯಾಟಿನ್ ಚೌಕದ ಮೇಲೆ ಹಂಚುತ್ತಾರೆ. ಒಬ್ಬ ಕೇಳುಗ ಎಲ್ಲ ಯಂತ್ರಗಳನ್ನೂ ಕೇಳಬೇಕು, ಆದರೆ ಒಂದು ವಾಕ್ಯವನ್ನು ಒಮ್ಮೆ ಮಾತ್ರ. ಎರಡನೆಯ ಸಲ ಕೇಳಿದಾಗ ವಾಕ್ಯ ಅರ್ಥವಾದರೆ ಅದರ ಶ್ರೇಯಸ್ಸು ಯಂತ್ರಕ್ಕಲ್ಲ, ಕೇಳುಗನ ನೆನಪಿಗೆ ಸಲ್ಲಬೇಕು. ಇಷ್ಟು ಎಚ್ಚರ ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳ ಮೌಲ್ಯಮಾಪನದಲ್ಲಿ ಇದ್ದಿದ್ದರೆ ಮರುಮೌಲ್ಯಮಾಪನದ ಅರ್ಜಿಗಳು ಕಡಿಮೆಯಾಗುತ್ತಿದ್ದವು. ಇರಲಿ.

ಕೇಳುಗರನ್ನು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಸಹಜವಾಗಿದೆಯೆ? ಅರ್ಥವಾಯಿತೆ? ಇವೆರಡೂ ಒಂದೇ ಎಂದು ನಮಗೆ ಅನ್ನಿಸುವುದುಂಟು. ಅಲ್ಲ ಎಂಬುದನ್ನು ಈ ಕಾರ್ಯಾಗಾರ ಮೊದಲ ಕೆಲವು ವರ್ಷಗಳಲ್ಲೇ ತೋರಿಸಿತು. ಆ ಕಾಲದಲ್ಲಿ ಎರಡು ಪಂಥಗಳಿದ್ದವು. ಧ್ವನಿಮುದ್ರಣದ ಚೂರುಗಳನ್ನು ಹುಡುಕಿ ಜೋಡಿಸುವುದು ಒಂದು. ಧ್ವನಿಯ ಲಕ್ಷಣಗಳನ್ನು ಸಂಖ್ಯಾಶಾಸ್ತ್ರದಿಂದ ಕಲಿತು ಹೊಸದಾಗಿ ಹುಟ್ಟಿಸುವುದು ಇನ್ನೊಂದು. ಎರಡನೆಯದರ ದನಿಯಲ್ಲಿ ಜೇನುನೊಣದ ಗುಂಯ್‌ಗುಡುವಿಕೆ ಇರುತ್ತಿತ್ತು, ಮಾತು ಮಾತ್ರ ಸ್ಪಷ್ಟ. ಮೊದಲನೆಯದು ಜೀವಂತ ಕಂಠ, ಆದರೆ ಜೋಡಣೆ ತಪ್ಪಿದಲ್ಲಿ ಪದವೇ ಮುರಿದುಬೀಳುತ್ತಿತ್ತು. 2005ರಲ್ಲಿ ನಗೋಯಾದ ಸಂಖ್ಯಾಶಾಸ್ತ್ರೀಯ ಯಂತ್ರ ಮುಂದೆ ಬಂದದ್ದು ಹಲವರಿಗೆ ಅಚ್ಚರಿ ತಂದಿತು. ನಮ್ಮ ದೃಷ್ಟಿಹೀನ ಗೆಳೆಯರಿಗೆ ಇದು ಅಚ್ಚರಿಯ ವಿಷಯವೇ ಅಲ್ಲ. ಕಂಪ್ಯೂಟರಿನ ತೆರೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶದಲ್ಲಿ ಅವರು ಇ-ಸ್ಪೀಕ್‌ನ ಲೋಹದಂಥ ದನಿಯನ್ನು ನಮಗೆ ಒಂದು ಪದವೂ ತಿಳಿಯದ ವೇಗದಲ್ಲಿ ಓಡಿಸಿ ಕೇಳುತ್ತಾರೆ. ಆ ವೇಗದಲ್ಲಿ ಇಂಪಾದ ಕಂಠ ಕಲಸಿಹೋಗುತ್ತದೆ, ಲೋಹದ ದನಿ ಕಲಸುವುದಿಲ್ಲ. ಸಹಜತೆಗೆ ಮಾತ್ರ ಅಂಕ ಕೊಡುವ ಪರೀಕ್ಷೆಯಲ್ಲಿ ಅವರ ದಿನನಿತ್ಯದ ಯಂತ್ರ ನಪಾಸು.

ಇನ್ನು ಅಂಕದ ಮಾತಿಗೆ ಬರುತ್ತೇನೆ. ಸಹಜತೆಯನ್ನು ಅಳೆಯಲು ಬಳಸುವುದು ಎಂಒಎಸ್ ಎಂಬ ಒಂದರಿಂದ ಐದರ ಮಾಪಕ: ಅತ್ಯುತ್ತಮಕ್ಕೆ ಐದು, ತೀರಾ ಕಳಪೆಗೆ ಒಂದು. ಇದು ಹುಟ್ಟಿದ್ದು ಟೆಲಿಫೋನ್ ಲೈನುಗಳ ಗುಣಮಟ್ಟ ನೋಡಲಿಕ್ಕೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.800 ಎಂಬ ಶಿಫಾರಸಿನಲ್ಲಿ ಅದರ ವಿಧಿವಿಧಾನಗಳಿವೆ. ಹತ್ತಾರು ಜನ ಕೊಟ್ಟ ಅಂಕಗಳನ್ನು ಕೂಡಿ ಭಾಗಿಸಿದರೆ ಸರಾಸರಿ ಬಂತು, ಅದನ್ನು ದಶಾಂಶದ ಎರಡು ಸ್ಥಾನದವರೆಗೆ ಅಚ್ಚುಹಾಕಿದರೆ ವಿಜ್ಞಾನವಾಯಿತು! ಆದರೆ ಮೂರಕ್ಕೂ ನಾಲ್ಕಕ್ಕೂ ಇರುವ ಅಂತರ, ನಾಲ್ಕಕ್ಕೂ ಐದಕ್ಕೂ ಇರುವ ಅಂತರಕ್ಕೆ ಸಮ ಎಂದು ಯಾರು ಹೇಳಿದರು? ಅವು ದರ್ಜೆಗಳು, ಅಳತೆಗಳಲ್ಲ. ಬ್ಲಿಜರ್ಡ್‌ನ ಸಂಘಟಕರು 2007ರಲ್ಲಿ ಈ ಪ್ರಶ್ನೆಯನ್ನು ಎದುರಿಸಿ, ಸರಾಸರಿಯ ಬದಲು ಮಧ್ಯಾಂಕವನ್ನು ಹಿಡಿದು, ಎರಡೆರಡು ಯಂತ್ರಗಳನ್ನು ಜೋಡಿಯಾಗಿ ಹೋಲಿಸಿ, ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಖಚಿತವಾದರೆ ಮಾತ್ರ ‘ಇದು ಅದಕ್ಕಿಂತ ಮೇಲು’ ಎನ್ನುವ ಪದ್ಧತಿ ತಂದರು. ಹಾಗಾಗಿ ಅವರ ವರದಿಗಳಲ್ಲಿ ಮೊದಲನೆಯ ಸ್ಥಾನ, ಎರಡನೆಯ ಸ್ಥಾನ ಎಂಬ ಪಟ್ಟಿ ಹುಡುಕಿದರೆ ನಿರಾಸೆಯಾದೀತು. ‘ಈ ನಾಲ್ಕರ ನಡುವೆ ವ್ಯತ್ಯಾಸ ಹೇಳಲಾಗದು’ ಎಂಬ ಬಗೆಯ ಮಾತೇ ಅಲ್ಲಿ ಹೆಚ್ಚು.

ಹೊರಜಗತ್ತಿನಲ್ಲಿ ಮಾತ್ರ ದಶಾಂಶದ ಆಟ ನಿಲ್ಲಲಿಲ್ಲ. ಗೂಗಲ್‌ನ ಟ್ಯಾಕೊಟ್ರಾನ್ 2 ಎಂಬ ನರಜಾಲ (ನ್ಯೂರಲ್ ನೆಟ್‌ವರ್ಕ್) ಯಂತ್ರ ಬಂದಾಗ ಅದಕ್ಕೆ 4.53, ವೃತ್ತಿಪರರ ಧ್ವನಿಮುದ್ರಣಕ್ಕೆ 4.58 ಎಂಬ ಎರಡು ಅಂಕಗಳು ಲೋಕವನ್ನೆಲ್ಲ ಸುತ್ತಿದವು. ಮನುಷ್ಯನಿಗೂ ಯಂತ್ರಕ್ಕೂ ಉಳಿದ ಅಂತರ ಇಷ್ಟೇ ಎಂದು ಜನ ಅರ್ಥಮಾಡಿಕೊಂಡರು. ಯಂತ್ರ ಅದ್ಭುತವಾಗಿತ್ತು, ಅನುಮಾನವಿಲ್ಲ. ಆದರೆ ಆ ಅಂಕ ಆ ಪರೀಕ್ಷೆಯ ಒಳಗಿನದು. ಬೇರೆ ಪರೀಕ್ಷೆಯ 4.5ರ ಪಕ್ಕದಲ್ಲಿ ಅದನ್ನಿಟ್ಟು ಹೋಲಿಸುವಂತಿಲ್ಲ.

ಏಕೆ ಎಂಬುದನ್ನು ಒಂದು ಪ್ರಯೋಗ ಚೆನ್ನಾಗಿ ತೋರಿಸಿಕೊಟ್ಟಿದೆ. ಸಂಶೋಧಕರಾದ ಸೆಬಾಸ್ಟಿಯನ್ ಲ ಮಗೆರ್, ಸೈಮನ್ ಕಿಂಗ್ ಮತ್ತು ನವೋಮಿ ಹಾರ್ಟ್ 2013ರ ಬ್ಲಿಜರ್ಡ್ ಇಂಗ್ಲಿಷ್ ಯಂತ್ರಗಳ ಅದೇ ಹಳೆಯ ಧ್ವನಿಗಳನ್ನು ಸುಮಾರು ಒಂದು ದಶಕದ ನಂತರ ಮತ್ತೆ ಕೇಳಿಸಿದರು, ಜೊತೆಗೆ ಹೊಸ ನರಜಾಲ ಯಂತ್ರಗಳನ್ನೂ ಸೇರಿಸಿದರು. ಹಳೆಯ ಯಂತ್ರಗಳ ಅಂಕ ಇಳಿಯಿತು. ಧ್ವನಿ ಒಂದಿಷ್ಟೂ ಬದಲಾಗಿರಲಿಲ್ಲ, ಪಕ್ಕದಲ್ಲಿ ಕೂತವರು ಬದಲಾಗಿದ್ದರು. ತರಗತಿಗೆ ಇಬ್ಬರು ಜಾಣರು ಹೊಸದಾಗಿ ಸೇರಿದ ಕೂಡಲೇ ಹಳೆಯ ಜಾಣ ಸಾಧಾರಣನಾಗುತ್ತಾನಲ್ಲ, ಹಾಗೆ. ಇದರ ಇನ್ನೊಂದು ಮುಖವನ್ನು ಎರಿಕಾ ಕೂಪರ್ ಮತ್ತು ಜುನಿಚಿ ಯಮಗಿಶಿ ಎಂಬ ಸಂಶೋಧಕರು ತೋರಿಸಿದರು: ಕೇಳಿಸಿದ ಯಂತ್ರಗಳು ಎಲ್ಲವೂ ಒಳ್ಳೆಯವಾಗಿದ್ದರೂ ಕೇಳುಗರು ಒಂದರಿಂದ ಐದರವರೆಗಿನ ಇಡೀ ಮಾಪಕವನ್ನು ಬಳಸಲು ನೋಡುತ್ತಾರೆ. ಯಾರಿಗಾದರೂ ಕಡಿಮೆ ಅಂಕ ಸಿಗಲೇಬೇಕು. ಇಷ್ಟಾದ ಮೇಲೂ ಕಂಪನಿಗಳ ಪ್ರಕಟಣೆಯಲ್ಲಿ ಕನ್ನಡದ ದನಿಗೆ ಇಷ್ಟು ಎಂಒಎಸ್ ಬಂದಿದೆ ಎಂಬ ಸಾಲನ್ನು ಓದಿದರೆ ನಾನು ಕೇಳುವ ಪ್ರಶ್ನೆ ಒಂದೇ. ಯಾವುದರ ಪಕ್ಕದಲ್ಲಿಟ್ಟು, ಯಾರಿಗೆ ಕೇಳಿಸಿದಿರಿ?

ಈಚೆಗೆ ಈ ಕಷ್ಟವನ್ನು ತಪ್ಪಿಸಿಕೊಳ್ಳಲು ಅಂಕ ಕೊಡುವ ಕೆಲಸವನ್ನೂ ಯಂತ್ರಕ್ಕೇ ವಹಿಸುತ್ತಿದ್ದಾರೆ. 2022ರ ವಾಯ್ಸ್‌ಎಂಒಎಸ್ ಚಾಲೆಂಜ್ ಅದಕ್ಕೇ ಮೀಸಲಾಗಿತ್ತು. ಹಿಂದಿನ ಬ್ಲಿಜರ್ಡ್ ಸುತ್ತುಗಳೇ ಮೊದಲಾದವುಗಳ ಧ್ವನಿಗಳನ್ನು ಒಟ್ಟುಮಾಡಿ, ಜಪಾನಿನ ಕೇಳುಗರಿಂದ ಅಂಕ ಹಾಕಿಸಿ, ಆ ಅಂಕಗಳನ್ನು ಊಹಿಸಲು ಯಂತ್ರಗಳಿಗೆ ಕಲಿಸಿದರು. ಧ್ವನಿಗಳು ಬಹುಪಾಲು ಇಂಗ್ಲಿಷಿನವು, ಕಿವಿಗಳು ಜಪಾನಿನವು. ಅದರ ಮಿತಿಗಳನ್ನು ಆ ಸಂಶೋಧಕರೇ ಬಲ್ಲರು, ಅವರ ಮೇಲೆ ನನಗೆ ದೂರಿಲ್ಲ. ದೂರಿರುವುದು, ಅಂಥ ಯಂತ್ರವನ್ನು ತಂದು ಕನ್ನಡದ ದನಿಯ ಮುಂದೆ ಹಿಡಿದು ‘ಪಾಸಾಯಿತು’ ಎನ್ನುವವರ ಮೇಲೆ. ಳಕಾರ ಲಕಾರವಾದರೆ, ಒತ್ತಕ್ಷರ ಸಡಿಲಾದರೆ ಅದಕ್ಕೆ ಗೊತ್ತಾಗಬೇಕಾದರೂ ಹೇಗೆ?

ಈಗ ಕನ್ನಡದ ವಿಷಯ. ಹೈದರಾಬಾದಿನ ಟ್ರಿಪಲ್ ಐಟಿಯಲ್ಲಿ ಕಿಶೋರ್ ಪ್ರಹಲ್ಲಾದ್ ಮತ್ತು ಸಂಗಡಿಗರು ಏಳು ಭಾರತೀಯ ಭಾಷೆಗಳಲ್ಲಿ ವಿಕಿಪೀಡಿಯದಿಂದ ಸಾವಿರ ಸಾವಿರ ವಾಕ್ಯಗಳನ್ನು ಆಯ್ದು ಓದಿಸಿ, ಎಲ್ಲರಿಗೂ ಸಿಗುವಂತೆ ಮಾಡಿದ್ದರು. ಅವುಗಳಲ್ಲಿ ಕನ್ನಡವೂ ಒಂದು. 2013ರ ಬ್ಲಿಜರ್ಡ್‌ನಲ್ಲಿ ಮೊದಲ ಸಲ ಭಾರತೀಯ ಭಾಷೆಗಳ ವಿಭಾಗ ಶುರುವಾಯಿತು. ಹಿಂದಿ, ಬಂಗಾಳಿ, ಕನ್ನಡ, ತಮಿಳು, ಒಂದೊಂದಕ್ಕೆ ಸುಮಾರು ಒಂದು ಗಂಟೆಯ ಧ್ವನಿ. ಅದೇ ವರ್ಷ ಇಂಗ್ಲಿಷ್ ವಿಭಾಗಕ್ಕೆ ಕೊಟ್ಟದ್ದು ಒಬ್ಬರೇ ಓದಿದ ಶ್ರವ್ಯಪುಸ್ತಕಗಳ ಸುಮಾರು 300 ಗಂಟೆ. ಮುಂದಿನೆರಡು ವರ್ಷಗಳ ಪಟ್ಟಿಯಲ್ಲಿ ಬೇರೆ ಭಾರತೀಯ ಭಾಷೆಗಳು ಬಂದವು, ಕನ್ನಡ ಇರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ, ಐಐಟಿ ಮದ್ರಾಸಿನ ನೇತೃತ್ವದ ಒಕ್ಕೂಟ, ಈಚೆಗೆ ಎಐ4ಭಾರತ್ ಎಂಬ ಸಂಶೋಧನಾ ತಂಡ, ಇವೆಲ್ಲ ಕನ್ನಡದ ಯಂತ್ರಗಳನ್ನು ಕಟ್ಟಿವೆ. ಧ್ವನಿಯ ಕೊರತೆ ಮೊದಲಿನಷ್ಟಿಲ್ಲ. ಕೊರತೆ ಇರುವುದು ಪರೀಕ್ಷೆಯಲ್ಲಿ. ಇಂಗ್ಲಿಷಿಗಾಗಿ ಮಾಡಿದ ಪರೀಕ್ಷೆಯ ಅಂಗಿಯನ್ನೇ ಕನ್ನಡಕ್ಕೆ ತೊಡಿಸುತ್ತಿದ್ದೇವೆ. ಅದು ಎಲ್ಲೆಲ್ಲಿ ಹೊಂದುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಅರ್ಥವಾಯಿತೆ ಎಂಬುದನ್ನು ಅಳೆಯಲು ಒಂದು ಜಾಣ ಉಪಾಯವಿದೆ. ವ್ಯಾಕರಣ ಸರಿಯಿರುವ, ಅರ್ಥ ಮಾತ್ರ ಇಲ್ಲದ ವಾಕ್ಯಗಳನ್ನು ಯಂತ್ರದಿಂದ ಹೇಳಿಸಿ, ಕೇಳಿದ್ದನ್ನು ಕೇಳುಗನಿಂದ ಬರೆಸುವುದು. ಕ್ರಿಶ್ಚಿಯನ್ ಬೆನ್ವಾ ಮತ್ತು ಸಂಗಡಿಗರು 1996ರಲ್ಲಿ ವಿವರಿಸಿದ ಈ ವಿಧಾನವನ್ನು ಬ್ಲಿಜರ್ಡ್ ಮೊದಲಿನಿಂದಲೂ ಬಳಸುತ್ತಿದೆ. ಅರ್ಥವಿದ್ದರೆ ಕೇಳುಗ ಊಹಿಸಿಬಿಡುತ್ತಾನೆ, ಅರ್ಥವಿಲ್ಲದಿದ್ದರೆ ಕಿವಿಯನ್ನೇ ನಂಬಬೇಕು. ಕನ್ನಡದಲ್ಲಿ ಹೀಗೊಂದು ವಾಕ್ಯ ಮಾಡೋಣ: ‘ಹಳದಿ ಬಾಗಿಲು ನಿದ್ದೆಯ ಗಾಡಿಯನ್ನು ಕುಡಿಯಿತು.’ ನೀವು ನಕ್ಕಿರಿ, ಪರೀಕ್ಷೆಯಲ್ಲಿ ಕೂತವರೂ ನಗುತ್ತಾರಂತೆ. ಆದರೆ ಗಮನಿಸಿ. ‘ಬಾಗಿಲು’ ಕೇಳಿದ ಕೂಡಲೇ ಕ್ರಿಯಾಪದ ‘ಇತು’ ಎಂದು ಮುಗಿಯುವ ಸಾಧ್ಯತೆ ಕೇಳುಗನಿಗೆ ಗೊತ್ತು. ‘ಅನ್ನು’ ಕೇಳದಿದ್ದರೂ ಬರೆದುಬಿಡುತ್ತಾನೆ. ಅರ್ಥದ ಸುಳಿವನ್ನು ತೆಗೆದೆವು, ವಿಭಕ್ತಿ ಮತ್ತು ಲಿಂಗ ವಚನಗಳ ಸುಳಿವು ಉಳಿದೇ ಇದೆ. ಇನ್ನು ತಪ್ಪೆಣಿಸುವ ಕ್ರಮ. ಇಂಗ್ಲಿಷಿನಲ್ಲಿ ತಪ್ಪಾದ ಪದಗಳನ್ನು ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ‘ಗಾಡಿಯನ್ನು’ ಎಂಬುದನ್ನು ಒಬ್ಬ ‘ಗೋಡೆಯನ್ನು’ ಎಂದೂ ಇನ್ನೊಬ್ಬ ‘ಗಾಡಿಯನ್ನೂ’ ಎಂದೂ ಬರೆದರೆ ಇಬ್ಬರ ಲೆಕ್ಕದಲ್ಲೂ ಒಂದು ಪದ ತಪ್ಪು. ಇವೆರಡು ತಪ್ಪುಗಳು ಒಂದೇ ತೂಕದವೆ? ‘ಬರೆದುಕೊಂಡು ಹೋಗುತ್ತಿದ್ದಾನೆ’ ಎಂಬುದು ಎಷ್ಟು ಪದ, ಬರೆದವನು ಎಲ್ಲಿ ಜಾಗ ಬಿಟ್ಟ ಎಂಬುದರ ಮೇಲೆ ಯಂತ್ರದ ಅಂಕ ನಿಲ್ಲಬೇಕೆ? ಕನ್ನಡಕ್ಕೆ ಅಕ್ಷರದ ಲೆಕ್ಕ ಬೇಕು, ಪದದ ಲೆಕ್ಕವಲ್ಲ.

ಇದಕ್ಕಿಂತ ಕಠಿಣವಾದ ತೊಡಕು ಮಹಾಪ್ರಾಣದ್ದು. ಯಂತ್ರ ‘ಧನ’ ಎಂದು ಸ್ಪಷ್ಟವಾಗಿಯೇ ಹೇಳಿತು, ಕೇಳುಗ ‘ದನ’ ಎಂದು ಬರೆದ. ತಪ್ಪು ಯಾರದು? ನಮ್ಮಲ್ಲಿ ಹಲವರು ಮನೆಮಾತಿನಲ್ಲಿ ಈ ವ್ಯತ್ಯಾಸ ಮಾಡುವುದೇ ಇಲ್ಲ. ಹಳೆಯ ಮೈಸೂರಿನ ಕಡೆ ‘ಹಾಲು’ ‘ಆಲು’ ಆಗುವ ಬಾಯಿಗಳಿವೆ. ಅವರ ಕಿವಿ ಕೆಟ್ಟದ್ದಲ್ಲ, ಅದು ಬೇರೆ ಕನ್ನಡದ ಕಿವಿ. ಕೇಳುಗರು ಎಲ್ಲಿಯವರು ಎಂದು ಬರೆದುಕೊಳ್ಳದೆ ನಡೆಸಿದ ಕನ್ನಡ ಪರೀಕ್ಷೆಯ ಫಲಿತಾಂಶವನ್ನು ನಾನಂತೂ ನಂಬುವುದಿಲ್ಲ. ಬೆಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಷ್ಟನ್ನೇ ಕೂರಿಸಿ ಕೇಳಿಸಿದ ಯಂತ್ರ ಕಲಬುರಗಿಯ ರೈತನಿಗೆ ಫೋನಿನಲ್ಲಿ ಹವಾಮಾನ ಹೇಳುವಾಗ ಏನಾಗುತ್ತದೆ ಎಂದು ಆ ಅಂಕದಿಂದ ತಿಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ, ಪ್ರಾಸಪರೀಕ್ಷೆ. ಇದು 1960ರ ದಶಕದ್ದು. ಒಂದೇ ವ್ಯಂಜನದಲ್ಲಿ ವ್ಯತ್ಯಾಸವಿರುವ ಆರು ಚಿಕ್ಕ ಇಂಗ್ಲಿಷ್ ಪದಗಳನ್ನು ಮುಂದಿಟ್ಟು, ಕೇಳಿದ್ದು ಯಾವುದು ಎಂದು ಕೇಳುತ್ತಾರೆ. ವ್ಯತ್ಯಾಸ ಪದದ ಆದಿಯಲ್ಲಿರುತ್ತದೆ, ಇಲ್ಲವೆ ಅಂತ್ಯದಲ್ಲಿ. ಅಚ್ಚಗನ್ನಡ ಪದಗಳು ಹೆಚ್ಚಾಗಿ ಸ್ವರದಿಂದಲೇ ಮುಗಿಯುವುದರಿಂದ ಅಂತ್ಯವ್ಯಂಜನದ ಪರೀಕ್ಷೆ ನಮಗೆ ಉಪಯೋಗಕ್ಕಿಲ್ಲ. ನಮ್ಮ ಪದಗಳು ಒಂದರಿಂದೊಂದು ಬೇರೆಯಾಗುವುದು ನಡುವಿನಲ್ಲಿ: ಹಗೆ, ಹಣೆ, ಹರೆ, ಹಳೆ, ಹಸೆ. ಬಳಿ, ಬಳ್ಳಿ. ಕತೆ, ಕತ್ತೆ. ಎಣೆ, ಎಣ್ಣೆ. ಈ ಎರಡನೆಯ ಅಕ್ಷರದ ಮಹತ್ವವನ್ನು ನಮ್ಮ ಛಂದಸ್ಸಿನವರು ಚೆನ್ನಾಗಿ ಬಲ್ಲರು. ದ್ವಿತೀಯಾಕ್ಷರ ಪ್ರಾಸವನ್ನು ಕಡ್ಡಾಯವೆಂಬಷ್ಟು ಹಚ್ಚಿಕೊಂಡ ಕಾವ್ಯಪರಂಪರೆ ನಮ್ಮದು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ, ಬಿಂದುವಿದ್ದರೆ ವೃಷಭಪ್ರಾಸ, ಅಕ್ಷರವೇ ದ್ವಿತ್ವವಾದರೆ ಹಯಪ್ರಾಸ. ಮಾತಾಡುವ ಯಂತ್ರ ಎಡವುವ ಜಾಗಗಳ ಪಟ್ಟಿ ಬೇಕೆಂದರೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹ್ರಸ್ವ ದೀರ್ಘಗಳ ಕಾಲಮಾನ, ಅನುನಾಸಿಕ, ಒತ್ತಕ್ಷರ, ಎಲ್ಲವೂ ಅದರಲ್ಲಿವೆ. ಕನ್ನಡದ ಪ್ರಾಸಪರೀಕ್ಷೆಯನ್ನು ರಚಿಸಬೇಕಾದವರು ಎಂಜಿನಿಯರುಗಳಲ್ಲ, ಛಂದಸ್ಸು ಓದಿದವರು.

ಅಂಕಿಗಳನ್ನು ಓದುವುದು ಇನ್ನೊಂದು ಪೇಚು. ‘10ಕ್ಕೆ’ ಎಂದಿದ್ದರೆ ‘ಹತ್ತಕ್ಕೆ’ ಎನ್ನಬೇಕು, ‘ಹತ್ತು ಕ್ಕೆ’ ಎನ್ನಬಾರದು. ‘3 ಪುಸ್ತಕ’ ಮೂರು ಪುಸ್ತಕ, ‘3 ಮಕ್ಕಳು’ ಮೂವರು ಮಕ್ಕಳು ಆದರೆ ಚೆಂದ. ಇಂಥ ತಪ್ಪು ಮಾಡಿದ ಯಂತ್ರಕ್ಕೂ ಇಂಪಾದ ಕಂಠವಿದ್ದರೆ ಕೇಳುಗರು ನಾಲ್ಕು ಅಂಕ ಕೊಟ್ಟುಬಿಡುತ್ತಾರೆ. ಫ್ರೆಂಚಿನ ಪೇಚು ಬೇರೆ: ಒಂದೇ ರೀತಿ ಬರೆದು ಬೇರೆಬೇರೆಯಾಗಿ ಉಚ್ಚರಿಸುವ ಪದಗಳು ಅಲ್ಲಿ ಬಹಳ. ಗ್ರೆನೋಬ್ಲ್‌ನಲ್ಲಿ 2023ರ ಬ್ಲಿಜರ್ಡ್ ಫ್ರೆಂಚ್ ಭಾಷೆಯ ಮೇಲೆ ನಡೆದಾಗ ಅಂಥ ಪದಗಳಿಗೆಂದೇ ಬೇರೆ ಪರೀಕ್ಷೆ ಇಟ್ಟಿದ್ದರು. ತಮ್ಮ ಭಾಷೆ ಎಲ್ಲಿ ಯಂತ್ರವನ್ನು ಕೆಡವುತ್ತದೆ ಎಂದು ಅವರಿಗೆ ಗೊತ್ತಿತ್ತು.

ದೀರ್ಘ ಓದಿನ ಬಗ್ಗೆ ಒಂದೆರಡು ಮಾತು ಸಾಕು. 2012ರಲ್ಲಿ ಮಾರ್ಕ್ ಟ್ವೇನ್ ಪುಸ್ತಕಗಳ ಶ್ರವ್ಯರೂಪವನ್ನು ತೆಗೆದುಕೊಂಡಾಗ ಬ್ಲಿಜರ್ಡ್ ಬಿಡಿವಾಕ್ಯಗಳ ಜೊತೆಗೆ ಪರಿಚ್ಛೇದಗಳನ್ನೂ ಕೇಳಿಸಿತು. ವಿರಾಮ, ಒತ್ತು, ಏರಿಳಿತ, ಭಾವ, ಕೇಳಲು ಬೇಕಾದ ಶ್ರಮ, ಒಂದೊಂದಕ್ಕೂ ಪ್ರತ್ಯೇಕ ಅಂಕ. ಬಿಡಿವಾಕ್ಯದಲ್ಲಿ ಚೆನ್ನಾಗಿದ್ದ ಯಂತ್ರ ಪುಟವಿಡೀ ಓದಿದಾಗ ಬೇಸರ ತರಿಸಬಹುದು. ಗಮಕಿಗಳ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದ್ಯವನ್ನು ಎಲ್ಲಿ ಒಡೆದರೆ ಅರ್ಥ ನಿಲ್ಲುತ್ತದೆ, ಎಲ್ಲಿ ಒಡೆದರೆ ಕೆಡುತ್ತದೆ ಎಂದು ಕೇಳಿದ ಕೂಡಲೇ ಹೇಳಬಲ್ಲ ಹಿರಿಯರು ನಮ್ಮಲ್ಲಿನ್ನೂ ಇದ್ದಾರೆ. ಯಾವ ಪ್ರಯೋಗಾಲಯವೂ ಅವರನ್ನು ಕೇಳುಗರಾಗಿ ಕರೆದ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಯಂತ್ರ ಕಟ್ಟಲು ಕೋಟಿಗಟ್ಟಲೆ ಹಣ ಬೇಕು. ಪರೀಕ್ಷೆಗೆ ಅಷ್ಟು ಬೇಡ. ಒಳ್ಳೆಯ ಹೆಡ್‌ಫೋನು, ನಿಶ್ಶಬ್ದವಾದ ಕೋಣೆ, ಕೇಳುಗರಿಗೆ ಒಂದಿಷ್ಟು ಸಂಭಾವನೆ, ಮತ್ತು ಬಹಳಷ್ಟು ತಾಳ್ಮೆ. ಕನ್ನಡ ವಿಭಾಗವಿರುವ ಯಾವ ವಿಶ್ವವಿದ್ಯಾಲಯಕ್ಕೂ ಇದು ಭಾರವಲ್ಲ. ಧಾರವಾಡ, ಮಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಒಂದೊಂದು ಕೇಳುಗರ ಬಳಗವಿರಲಿ. ಪ್ರತಿ ಬಳಗದಲ್ಲೂ ದಿನವಿಡೀ ಯಂತ್ರದ ದನಿಯಲ್ಲೇ ಓದುವ ದೃಷ್ಟಿಹೀನರು ಇರಲೇಬೇಕು. ಅವರು ಈ ವಿಷಯದಲ್ಲಿ ನಮಗೆಲ್ಲ ಗುರುಗಳು.

ಇಲ್ಲಿ ಕುಳಿತಿರುವ ಕನ್ನಡ ಎಂ.ಎ. ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಈ ವರ್ಷದ ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಕನ್ನಡದ ಪ್ರಾಸಪರೀಕ್ಷೆಗೆ ಪದಗಳ ಗುಂಪುಗಳನ್ನು ಮಾಡಿ ಕೊಡಿ. ಗುಂಪಿಗೆ ಐದೋ ಆರೋ ಪದ, ಎರಡನೆಯ ಅಕ್ಷರದಲ್ಲಿ ಮಾತ್ರ ವ್ಯತ್ಯಾಸ, ಎಲ್ಲವೂ ಎಲ್ಲ ಜಿಲ್ಲೆಗಳಲ್ಲಿ ಬಳಕೆಯಲ್ಲಿರುವ ಪದಗಳಾಗಿರಲಿ. ಮಾಡಿದ್ದನ್ನು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡಿ.